ಬಾಗಿಲ ಬಳಿ ಕೂತವಳ ಮಾತು

ಬುಧವಾರ ಹೆಂಗಸರ ಸಂಘದ ಸಭೆ ಇತ್ತು. ಸೋಮವಾರದಿಂದಲೇ ಕೆಲೆರಾಗೆ ಊಟ ಸೇರುತ್ತಿರಲಿಲ್ಲ.

ಕೆಲೆರಾ ಫಿಜಿಯ ಪುಟ್ಟ ದ್ವೀಪವೊಂದರ ವುನಿತಿರಿ ಊರಿನವಳು. ಆ ಊರಿಗೆ ಮಗಳೂ ಅವಳೇ, ಸೊಸೆಯೂ ಅವಳೇ. ವಯಸ್ಸು ಐವತ್ತೇಳು. ಸಭೆಗೆ ಹೋಗಿ ಚಾಪೆಯ ಮೇಲೆ ಕೂತು, ಯಂಗೋನ ಬೇರು ಅರೆದ ಪಾನೀಯದ ಬಟ್ಟಲು ತನ್ನ ಸರದಿಗೆ ಬಂದಾಗ ಕುಡಿದು, ದೊಡ್ಡವರು ಮಾತು ಮುಗಿಸಿದಾಗ ಎಲ್ಲರ ಜೊತೆ ಒಪ್ಪಿಗೆಯ ಚಪ್ಪಾಳೆ ತಟ್ಟಿ ಎದ್ದು ಬರುವುದು ಅವಳಿಗೆ ಮೂವತ್ತು ವರ್ಷದ ಅಭ್ಯಾಸ. ಈ ಸಲ ಮಾತ್ರ ಕೈ ಏಳಲಾರದು ಅನ್ನಿಸುತ್ತಿತ್ತು. ಸಂಘಕ್ಕೆ ಸ್ವಂತ ಮನೆ ಕಟ್ಟಬೇಕು, ಅದಕ್ಕೆ ಊರಿನ ಮೂಡಣಕ್ಕೆ ಸಮುದ್ರದಂಚಿನ ಕೆಸರಲ್ಲಿ ಬೆಳೆದ ಕಾಂಡ್ಲಾ ಕಾಡು ಕಡಿದು ಜಾಗ ಮಾಡಬೇಕು ಎಂಬ ಮಾತು ಒಲೆಯಿಂದ ಒಲೆಗೆ ಹಬ್ಬಿತ್ತು. ಬುಧವಾರ ಅದರದೇ ತೀರ್ಮಾನ.

ಮೂಡಣ ಕಾಂಡ್ಲಾ ಎಂದರೆ ಕೆಲೆರಾಗೆ ಅಜ್ಜಿ ಲೋವಾತಾ. ಏಳು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಅಜ್ಜಿ ಸಮುದ್ರದ ಇಳಿತದ ಹೊತ್ತಿಗೆ ಆ ಕೆಸರಿಗೆ ಇಳಿಯುತ್ತಿದ್ದಳು. ಬೇರುಗಳ ನಡುವೆ ಮೊಳಕಾಲುದ್ದ ಕೆಸರು, ತಲೆಯ ಮೇಲೆ ಎಲೆಗಳ ನೆರಳು, ಉಪ್ಪು ಗಾಳಿ. ಬಿಲದ ಬಾಯಲ್ಲಿ ಹಸಿ ಮಣ್ಣು ಕಂಡರೆ ಅಜ್ಜಿ ಪಿಸುಗುಟ್ಟುವಳು: "ಮನೆಯಾಕೆ ಒಳಗಿದಾಳೆ, ಸದ್ದು ಮಾಡ್ಬೇಡ." ಆಮೇಲೆ ತೋಳು ಬಿಲದೊಳಗೆ ಹೋಗುವುದು, ಅಂಗೈಯಗಲದ ಏಡಿ ಹೊರಗೆ ಬರುವುದು. ಹೊಟ್ಟೆಯಲ್ಲಿ ಮೊಟ್ಟೆ ಇದ್ದರೆ ಅದನ್ನು ಮತ್ತೆ ಅದೇ ಬಿಲಕ್ಕೆ ಬಿಡುವಳು, ಬಾಣಂತಿಯನ್ನು ಮನೆಗೆ ಕಳಿಸಿದ ಹಾಗೆ. ಆ ಊರಲ್ಲಿ ಒಬ್ಬೊಬ್ಬ ಹೆಂಗಸಿಗೂ ತನ್ನದೇ ಬಿಲಗಳು. ತಾಯಿಯಿಂದ ಮಗಳಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಆಸ್ತಿ ಅದು. ಮನೆಗೆ ಬಂದು ತೆಂಗಿನ ಹಾಲಲ್ಲಿ ಆ ಏಡಿ ಬೇಯುವಾಗ ಬರುತ್ತಿದ್ದ ವಾಸನೆ ಕೆಲೆರಾಗೆ ಈಗಲೂ ಮೂಗಿನಲ್ಲೇ ಇದೆ. ಎಂಥ ದಿನಗಳು ಅವು.

ಒಂದು ಕಾಲಕ್ಕೆ ಪಡುವಣದಲ್ಲೂ ಅಷ್ಟೇ ದಟ್ಟ ಕಾಂಡ್ಲಾ ಇತ್ತು. ಹದಿನೆಂಟು ವರ್ಷದ ಹಿಂದೆ ದೋಣಿ ನಿಲ್ಲಿಸುವ ಜಾಗ ಅಗಲವಾಗಲಿ ಎಂದು ಅದನ್ನು ಕಡಿದರು. ಅದೂ ಸಂಘದ ಸಭೆಯಲ್ಲೇ ಆದ ತೀರ್ಮಾನ, ಅದಕ್ಕೂ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಎರಡು ವರ್ಷದಲ್ಲಿ ಏಡಿಗಳು ಕಾಣೆಯಾದವು. ನಾಲ್ಕನೇ ವರ್ಷ ಚಂಡಮಾರುತ ಬಂದಾಗ ಸಮುದ್ರಕ್ಕೆ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ. ಮೂರು ಮನೆ ಹೋದವು. ಅದರಲ್ಲಿ ಒಂದು, ಆಗಲೇ ತೀರಿಕೊಂಡಿದ್ದ ಅಜ್ಜಿಯ ಅಡುಗೆಮನೆ. ಜನ ಉಳಿದರು, ದೇವರು ದೊಡ್ಡವನು. ಆದರೆ ಅಜ್ಜಿಯ ಒಲೆಕಲ್ಲುಗಳು ಎಲ್ಲಿ ಹೋದವೋ ಇವತ್ತಿಗೂ ಗೊತ್ತಿಲ್ಲ.

ಈಗ ಉಳಿದಿರುವುದು ಮೂಡಣದ ತುಂಡು ಮಾತ್ರ. ಅದರ ಬೆನ್ನಿಗೇ ಕೆಲೆರಾಳ ಮನೆ ಇದೆ.

ಮಂಗಳವಾರ ಬೆಳಿಗ್ಗೆ ಅವಳು ರಕ್ತದೊತ್ತಡ ತೋರಿಸಲು ಊರಿನ ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿನ ದಾದಿ ವಾಸೆಮದಾ ಅವಳ ಸೋದರಮಾವನ ಮಗಳು, ಐದು ವರ್ಷ ದೊಡ್ಡವಳು, ಹಾಗಾಗಿ ಅತ್ತಿಗೆ. ಆ ಕಡೆ ಅತ್ತಿಗೆ ನಾದಿನಿಯರು ಒಬ್ಬರಿಗೊಬ್ಬರು ಏನು ಬೇಕಾದರೂ ಅನ್ನಬಹುದು. ಸಿಟ್ಟು ಮಾಡಿಕೊಂಡವಳೇ ಸೋತವಳು.

"ಏನೇ, ಮುಖ ಒಣಮೀನಿನ ಹಾಗೆ ಮಾಡ್ಕೊಂಡಿದೀಯಾ," ಎಂದಳು ವಾಸೆಮದಾ, ತೋಳಿಗೆ ಪಟ್ಟಿ ಸುತ್ತುತ್ತ. "ಗಂಡ ಬೈದ್ನಾ, ಇಲ್ಲಾ ಬೈಯೋದನ್ನ ಮರೆತ್ನಾ?"

ಕೆಲೆರಾ ನಗಲಿಲ್ಲ. ಬುಧವಾರದ ವಿಷಯ ಹೇಳಿದಳು. ಕಾಂಡ್ಲಾ ಕಡಿಯುವುದು ತನಗೆ ಸುತರಾಂ ಇಷ್ಟವಿಲ್ಲ, ಆದರೆ ಊರಿಗೆಲ್ಲ ಬೇಕಾದದ್ದಕ್ಕೆ ತಾನೊಬ್ಬಳು ಅಡ್ಡ ಬರುವುದು ಹೇಗೆ ಎಂದಳು.

"ಊರಿಗೆಲ್ಲ ಬೇಕು ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಬೇಡ ಅಂದಿಲ್ವಲ್ಲ ಅತ್ತಿಗೆ."

ವಾಸೆಮದಾ ಪಟ್ಟಿ ಬಿಚ್ಚಿದಳು. ಒತ್ತಡ ಎಷ್ಟೆಂದು ಬರೆದುಕೊಂಡಳು. ಆಮೇಲೆ ದನಿ ತಗ್ಗಿಸಿ, "ಹೆಸರು ಹೇಳೋ ಹಾಗಿಲ್ಲ, ನನ್ನ ಕೆಲಸ ಅಂಥದ್ದು," ಎಂದಳು. "ಆದ್ರೆ ಒಂದು ವಾರದಿಂದ ನೀನು ಕೂತ ಬೆಂಚ್ ಮೇಲೆ ಒಂಬತ್ತು ಜನ ಕೂತು ಹೋದ್ರು. ಒಂಬತ್ತು ಜನಕ್ಕೂ ನಿದ್ದೆ ಇಲ್ಲ. ಒಂಬತ್ತು ಜನಾನೂ ನಿನ್ನ ಮಾತೇ ಆಡಿದ್ರು. ಊರಿಗೆಲ್ಲ ಬೇಕು, ನಂಗೊಬ್ಳಿಗೆ ಬೇಡ, ಏನ್ಮಾಡ್ಲಿ ಅಂತ."

ಕೆಲೆರಾಗೆ ನಂಬಿಕೆ ಬರಲಿಲ್ಲ. ಒಂಬತ್ತು ಜನಕ್ಕೆ ಬೇಡವಾದದ್ದು ಊರಿಗೆ ಬೇಕಾಗುವುದು ಹೇಗೆ?

ಹಾಗೇ ಆಗುವುದು ಎಂದಳು ವಾಸೆಮದಾ. ಒಬ್ಬಳು ಪಕ್ಕದವಳ ಮುಖ ನೋಡುತ್ತಾಳೆ, ಪಕ್ಕದವಳು ಸುಮ್ಮನಿದ್ದಾಳೆ, ಹಾಗಾದರೆ ಒಪ್ಪಿದ್ದಾಳೆ ಅಂದುಕೊಳ್ಳುತ್ತಾಳೆ. ಆ ಪಕ್ಕದವಳೂ ಇವಳ ಮುಖ ನೋಡಿ ಅದನ್ನೇ ಅಂದುಕೊಳ್ಳುತ್ತಾಳೆ. ದೊಡ್ಡವರು ಮೊದಲೇ ಬಾಯಿ ಬಿಟ್ಟರಂತೂ ಮುಗಿಯಿತು, ಉಳಿದವರಿಗೆ ಚಪ್ಪಾಳೆ ಬಿಟ್ಟು ಬೇರೆ ಕೆಲಸವಿಲ್ಲ. ಬುದ್ಧಿವಂತರು ಹತ್ತು ಜನ ಕೂತು ಒಬ್ಬ ದಡ್ಡನೂ ಮಾಡದ ಕೆಲಸ ಮಾಡುವುದು ಹೀಗೆಯೇ ಎಂದಳು. ತಾನು ತರಬೇತಿಗೆ ಹೋದಾಗ ಆಸ್ಪತ್ರೆಯವರಿಗೂ ಇದನ್ನೇ ಹೇಳಿಕೊಟ್ಟಿದ್ದರಂತೆ. ದೊಡ್ಡ ಡಾಕ್ಟರು ತಪ್ಪು ಕಾಲಿಗೆ ಕತ್ತರಿ ಹಾಕಲು ಹೊರಟರೂ ಸುತ್ತಲಿದ್ದವರು ಸುಮ್ಮನೆ ನೋಡುವುದುಂಟಂತೆ.

"ನಮ್ಮಲ್ಲಿ ಹಾಗಿಲ್ಲ," ಎಂದಳು ಕೆಲೆರಾ. "ನಮ್ಮ ಸಂಘದಲ್ಲಿ ಒಗ್ಗಟ್ಟಿದೆ. ಜಗಳ ಅಂತ ಒಂದು ದಿನ ಆಗಿಲ್ಲ."

"ಆಗಿಲ್ಲ. ಏಡೀನೂ ಉಳಿದಿಲ್ಲ."

ಆ ಮಾತು ಕೆಲೆರಾಗೆ ನಾಟಿತು. ಬೇರೆ ಯಾರಾದರೂ ಅಂದಿದ್ದರೆ ಎದ್ದು ಹೋಗುತ್ತಿದ್ದಳು. ಅತ್ತಿಗೆ ಅಂದದ್ದರಿಂದ ನುಂಗಿಕೊಂಡಳು.

ನುಂಗಿಕೊಳ್ಳುತ್ತಿದ್ದಂತೆ ಅವಳಿಗೆ ಹಳೆಯ ಸಭೆಗಳು ನೆನಪಾದವು. ಆಗ ಸಂಘಕ್ಕೆ ದೊಡ್ಡವಳು ಈಗಿನ ಊರ ಮುಖ್ಯಸ್ಥನ ತಾಯಿ. ಲೋವಾತಾ ಅಜ್ಜಿಗೆ ಆಕೆ ಅತ್ತಿಗೆ. ಅಜ್ಜಿ ಆಕೆಯ ಪಕ್ಕದಲ್ಲೇ ಕೂತು, ಆಕೆ ಏನು ಹೇಳಿದರೂ ಕಾಲೆಳೆಯುತ್ತಿದ್ದಳು. ಚರ್ಚಿನ ಹಬ್ಬಕ್ಕೆ ಇಪ್ಪತ್ತು ಹಂದಿ ಕೊಯ್ಯೋಣ ಎಂದು ಆಕೆ ಅಂದರೆ, "ಅತ್ತಿಗೆ, ನಿಮ್ಮನೆ ಹಂದಿ ಎಷ್ಟು, ನಮ್ಮನೆ ಹಂದಿ ಎಷ್ಟು ಅದರಲ್ಲಿ?" ಎಂದು ಅಜ್ಜಿ. ಎಲ್ಲರೂ ಹೊಟ್ಟೆ ಹಿಡಿದು ನಗುವರು. ಆ ನಗುವಿನಲ್ಲಿ ಇನ್ನೊಬ್ಬಳಿಗೆ ಧೈರ್ಯ ಬರುವುದು, ಅವಳೂ ಒಂದು ಮಾತು ಸೇರಿಸುವಳು. ಕೊನೆಗೆ ಆರು ಹಂದಿಗೆ ಹಬ್ಬ ಮುಗಿಯುವುದು. ಸಭೆ ಮಾತ್ರ ಸಂಜೆಯವರೆಗೆ ಎಳೆಯುತ್ತಿತ್ತು. ಬಾಗಿಲಾಚೆ ಆಡುತ್ತಿದ್ದ ಮಕ್ಕಳಿಗೆ ಆ ನಗು ಕೇಳಿಸುತ್ತಿತ್ತು. ಕೆಲೆರಾ ಆಗ ಆ ಮಕ್ಕಳಲ್ಲಿ ಒಬ್ಬಳು.

ಅಜ್ಜಿ ತಮಾಷೆ ಮಾಡುತ್ತಿದ್ದಾಳೆ ಎಂದೇ ಊರು ತಿಳಿದಿತ್ತು. ಅದು ತಮಾಷೆಯಲ್ಲ, ಊರನ್ನು ತಪ್ಪಿನಿಂದ ಕಾಯುವ ದುಡಿಮೆ ಎಂದು ಯಾರಿಗೂ ಹೊಳೆಯಲಿಲ್ಲ. ಅಜ್ಜಿ ಹೋದಮೇಲೆ ಆ ಜಾಗದಲ್ಲಿ ಯಾರನ್ನೂ ಕೂರಿಸಲಿಲ್ಲ. ಸಭೆಗಳು ಮರಗೆಣಸು ಬೇಯುವಷ್ಟರಲ್ಲಿ ಮುಗಿಯತೊಡಗಿದವು. ಎಷ್ಟು ಚೆನ್ನಾಗಿ ನಡೆಯುತ್ತಿದೆ ನೋಡಿ ಎಂದು ಊರವರೇ ಹೊಗಳಿಕೊಂಡರು.

"ಹಾಗಾದ್ರೆ ನಾನೇನ್ಮಾಡ್ಲಿ?" ಎಂದಳು ಕೆಲೆರಾ. "ಆಂದಿ ಸೈನಿಮಿಲಿ ಮಾತಾಡಿದ ಮೇಲೆ ಎದ್ದು ನಿಂತು ಬೇಡ ಅನ್ನಲಾ? ನಂಗೆ ಆಗಲ್ಲ. ಅದು ನಮ್ಮ ಹಿರೇರು ಕಲಿಸಿದ್ದಲ್ಲ."

ಆಂದಿ ಸೈನಿಮಿಲಿ ಈಗಿನ ಮುಖ್ಯಸ್ಥನ ಹೆಂಡತಿ, ಸಂಘದ ಹಿರಿಯಳು. ಆಂದಿ ಎಂಬುದು ಮುಖ್ಯಸ್ಥರ ಮನೆತನದ ಹೆಂಗಸರಿಗೆ ಊರು ಕೊಡುವ ಗೌರವ.

"ಬೇಡ ಅನ್ಬೇಡ," ಎಂದಳು ವಾಸೆಮದಾ. "ಅವರು ಮಾತಾಡೋಕೆ ಮುಂಚೆ ಹೋಗು. ಕೊನೇಲಿ ಮಾತಾಡಿ ಅಂತ ಕೇಳ್ಕೋ. ಬಟ್ಟಲು ದೊಡ್ಡವರಿಂದ ಬಾಗಿಲ ಬಳಿ ಕೂತೋರಿಗೆ, ಮೇಲಿಂದ ಕೆಳಗೆ ಬರ್ಲಿ, ಅದು ನಮ್ಮ ಪದ್ಧತಿ, ಬಿಡೋದು ಬೇಡ. ಮಾತು ಮಾತ್ರ ಕೆಳಗಿಂದ ಮೇಲೆ ಹೋಗ್ಲಿ."

ಕೆಲೆರಾ ಮನೆಗೆ ಬಂದು ಗಂಡ ಅಪೆನಿಸಾಗೆ ಹೇಳಿದಳು. ಅವನು ಬಲೆ ಹೆಣೆಯುತ್ತಿದ್ದವನು ತಲೆ ಎತ್ತಲಿಲ್ಲ. ಇಷ್ಟು ವರ್ಷ ಸುಮ್ಮನಿದ್ದು ಈಗ ದೊಡ್ಡ ಮನೆಗೆ ಹೋಗಿ ಬುದ್ಧಿ ಹೇಳುವುದೇ, ನಾಳೆ ಊರವರು ನಮ್ಮನ್ನು ನೋಡಿ ಏನಂದಾರು ಎಂದ. ಗುಂಪು ಹೋದ ಕಡೆ ಹೋದರೆ ತಪ್ಪಾದರೂ ಯಾರೂ ನಮ್ಮನ್ನು ಬೈಯುವುದಿಲ್ಲ ಎಂದೂ ಸೇರಿಸಿದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಪಡುವಣ ಕಾಂಡ್ಲಾ ಹೋದದ್ದಕ್ಕೆ ಇವತ್ತಿನವರೆಗೆ ಯಾರೂ ಯಾರನ್ನೂ ಬೈದಿಲ್ಲ.

ಕೆಲೆರಾ ಒಂದೇ ಪ್ರಶ್ನೆ ಕೇಳಿದಳು. "ನಿಮಗೆ ಬೇಕಾ ಅದನ್ನ ಕಡಿಯೋದು?"

ಅಪೆನಿಸಾ ಬಲೆಯ ಗಂಟು ಬಿಗಿದ. "ನಂಗ್ಯಾಕೆ ಬೇಕು? ಬಿರುಗಾಳಿ ಬಂದ್ರೆ ಮೊದಲು ಹೋಗೋದು ನಮ್ಮನೆ ಚಾವಣೀನೆ. ನಿಮ್ಮ ಹೆಂಗಸರಿಗೆ ಬೇಕೇನೋ ಅಂತ ಸುಮ್ನಿದ್ದೆ."

ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದರು. ಒಂದೇ ಚಾಪೆಯ ಮೇಲೆ ಮಲಗುವ ಇಬ್ಬರು ಎರಡು ವಾರದಿಂದ ಒಬ್ಬರಿಗೊಬ್ಬರು ಹೇಳದೆ ಒಂದೇ ಚಿಂತೆ ಮಾಡಿದ್ದರು. ಅಪೆನಿಸಾ ಎದ್ದು ಒಳಗೆ ಹೋದ. ಮಗಳ ಮದುವೆಗೆಂದು ಎತ್ತಿಟ್ಟಿದ್ದ ಯಂಗೋನ ಬೇರಿನ ಕಟ್ಟು ತಂದು ಅವಳ ಮುಂದೆ ಇಟ್ಟ. ದೊಡ್ಡವರ ಹತ್ತಿರ ಏನಾದರೂ ಕೇಳಲು ಹೋಗುವವರು ಬೇರು ಇಟ್ಟು ಕೇಳಬೇಕು. "ಬರಿಗೈಲಿ ಹೋಗ್ಬೇಡ," ಎಂದ.

ಬುಧವಾರ ಬೆಳಿಗ್ಗೆ ಕೆಲೆರಾ ಆಂದಿ ಸೈನಿಮಿಲಿಯ ಮನೆಯ ಚಾಪೆಯ ಅಂಚಿನಲ್ಲಿ ಕೂತು ಬೇರಿನ ಕಟ್ಟು ಮುಂದಿಟ್ಟಳು. ಕಾಂಡ್ಲಾ ವಿಷಯ ಎತ್ತಲಿಲ್ಲ. ಇವತ್ತು ಒಂದು ದಿನ ತಾವು ಎಲ್ಲರಿಗಿಂತ ಕೊನೆಗೆ ಮಾತಾಡಬೇಕು, ಬಾಗಿಲ ಬಳಿ ಕೂತವರಿಂದ ಮಾತು ಶುರುವಾಗಬೇಕು ಎಂದಷ್ಟೇ ಬೇಡಿಕೊಂಡಳು.

ಎಪ್ಪತ್ತು ದಾಟಿದ ಆಂದಿ ಬೇರಿನ ಕಟ್ಟನ್ನೇ ನೋಡಿದಳು. ಬೇರು ಮುಟ್ಟಿದರೆ ಒಪ್ಪಿದಂತೆ, ಮುಟ್ಟದಿದ್ದರೆ ಇಲ್ಲ. ಕೆಲೆರಾ ನೆಲ ನೋಡುತ್ತ ಕೂತಿದ್ದಳು.

"ಲೋವಾತಾ ಮೊಮ್ಮಗಳು ನೀನು," ಎಂದಳು ಆಂದಿ ಕೊನೆಗೆ. "ನಮ್ಮತ್ತೆ ಅವಳ ಬಾಯಿಗೆ ಎಷ್ಟು ಬೈತಿದ್ರು. ಅವಳು ಸತ್ತ ದಿನ ಮಾತ್ರ, ಇನ್ನು ನನಗೆ ಸರಿಯಾದ್ದು ಹೇಳೋರು ಯಾರು ಅಂತ ಅತ್ತರು." ಹಾಗೆ ಹೇಳಿ ಕೈ ಚಾಚಿ ಬೇರು ಮುಟ್ಟಿದಳು.

ಮಧ್ಯಾಹ್ನ ಸಭೆ ಸೇರಿತು. ಇಪ್ಪತ್ತಾರು ಹೆಂಗಸರು. ಬಟ್ಟಲು ಎಂದಿನಂತೆ ಮೇಲಿಂದ ಕೆಳಗೆ ಬಂತು. ಎಲ್ಲರ ಕಣ್ಣು ಆಂದಿಯ ಮೇಲೆ. ಆಂದಿ, ಇವತ್ತು ತಾನು ಕೊನೆಗೆ ಮಾತಾಡುವುದಾಗಿ ಹೇಳಿ, ಬಾಗಿಲ ಕಡೆ ಕೈ ತೋರಿಸಿದಳು.

ಬಾಗಿಲ ಬಳಿ ತಿತಿಲಿಯಾ ಕೂತಿದ್ದಳು. ದೊಡ್ಡ ದ್ವೀಪದ ನದಿಮುಖದ ಊರಿನಿಂದ ಮದುವೆಯಾಗಿ ಬಂದವಳು. ಬಂದು ಇಪ್ಪತ್ತು ವರ್ಷವಾದರೂ ಊರಿನ ಲೆಕ್ಕದಲ್ಲಿ ಹೊರಗಿನವಳೇ, ಕೂರುವುದು ಬಾಗಿಲ ಬಳಿಯೇ. ಅವಳು ತಲೆ ತಗ್ಗಿಸಿ, "ಎಲ್ಲರಿಗೂ ಸರಿ ಅನ್ಸಿದ್ದು ನನಗೂ ಸರಿ," ಎಂದಳು. ಅವಳ ಪಕ್ಕದವಳೂ ಹಾಗೇ ಅಂದಳು. ಮೂರನೆಯವಳೂ ಅದನ್ನೇ ಅಂದಳು.

ಮಾತು ಕೆಳಗಿನಿಂದ ಹೊರಟರೂ ಅದೇ ಹಳೆಯ ದಾರಿ ಹಿಡಿದಿತ್ತು. ಬೇಕೇ ಬೇಡವೇ ಎಂದು ಕೇಳಿದರೆ ಯಾರು ತಾನೇ ಬೇಡ ಎಂದಾರು? ಕೆಲೆರಾ ಅಪ್ಪಣೆ ಕೇಳಿ, ಬೇರೆ ರೀತಿ ಕೇಳಿದಳು.

"ಮನೆ ಕಟ್ಟಿದ್ವಿ ಅಂತಾನೆ ಇಟ್ಕೊಳ್ಳಿ. ಮೂರು ವರ್ಷ ಆಯ್ತು. ಮನೆ ಹಾಳಾಗಿದೆ. ಯಾತರಿಂದ ಹಾಳಾಯ್ತು? ಒಬ್ಬೊಬ್ಬರು ಒಂದೊಂದು ಹೇಳಿ. ಬೇಕು ಬೇಡ ಕೇಳ್ತಿಲ್ಲ ನಾನು."

ಇದು ಯಾರನ್ನೂ ಎದುರು ಹಾಕಿಕೊಳ್ಳುವ ಮಾತಾಗಿರಲಿಲ್ಲ. ಸರದಿ ಮತ್ತೆ ತಿತಿಲಿಯಾಗೆ ಬಂತು. ಮನೆ ಕೂತುಹೋಗುತ್ತದೆ ಎಂದಳು. ಕಾಂಡ್ಲಾ ಕಡಿದ ನೆಲದಲ್ಲಿ ಬೇರು ಕೊಳೆಯುತ್ತದೆ, ನೆಲ ಒಳಗೆ ಟೊಳ್ಳಾಗುತ್ತದೆ, ಕಂಬ ಇಳಿಯುತ್ತದೆ. ತನ್ನ ತವರಿನಲ್ಲಿ ಅಂಥ ಜಾಗದಲ್ಲಿ ಕಟ್ಟಿದ ಸಭಾಮನೆ ಎರಡು ಮಳೆಗಾಲಕ್ಕೆ ಒಂದು ಕಡೆ ವಾಲಿ, ಮೂರನೆಯದಕ್ಕೆ ಬಿತ್ತು ಎಂದಳು. ಅಲೆ ಬರುತ್ತದೆ ಎಂದಳು ಪಕ್ಕದವಳು. ಏಡಿ ಹೋದರೆ ಭಾನುವಾರದ ಊಟಕ್ಕೆ ಏನು ಎಂದಳು ಮತ್ತೊಬ್ಬಳು. ಆಮೇಲೆ ಮಾತಿಗೆ ತಡೆಯೇ ಇರಲಿಲ್ಲ. ಲೊಸಾನಾ ಎಂಬವಳೊಬ್ಬಳು ಮಾತ್ರ, ಮನೆಯಂತೂ ಬೇಕೇ ಬೇಕು, ಮಳೆ ಬಂದರೆ ಚಾಪೆ ಹೆಣೆಯಲು ಕೇದಗೆ ಗರಿ ಒಣಗಿಸಲು ಜಾಗವಿಲ್ಲ ಎಂದು ಜಗಳಕ್ಕೇ ನಿಂತಳು. ಅವಳ ಮಾತೂ ನ್ಯಾಯವೇ. ವರ್ಷಗಳ ಮೇಲೆ ಆ ಚಾಪೆಯ ಮೇಲೆ ಜಗಳದಂಥದ್ದು ನಡೆಯುತ್ತಿತ್ತು. ಕೆಲೆರಾಗೆ ಕಣ್ಣು ತುಂಬಿ ಬಂತು. ಚಿಕ್ಕಂದಿನಲ್ಲಿ ಬಾಗಿಲಾಚೆ ನಿಂತು ಕೇಳಿದ್ದ ಸದ್ದು ಇದೇ.

ಕೊನೆಗೆ ಆಂದಿ ಬಾಯಿ ತೆರೆದಳು.

"ಮೂಡಣ ಕಾಂಡ್ಲಾ ಕಡಿಯೋದು ನಂಗೂ ಬೇಡ. ನಿಮಗೆಲ್ಲ ಬೇಕು ಅಂದ್ಕೊಂಡಿದ್ದೆ. ಪಡುವಣದ್ದೂ ಹಾಗೇ ಆಯ್ತು. ಕಡಿಯೋಣವಾ ಅಂತ ಕೇಳಿದ್ದೆ ಅಷ್ಟೆ. ಕೇಳಿ ಬಾಯಿ ಮುಚ್ಚೋಕೆ ಮುಂಚೆ ನೀವು ಚಪ್ಪಾಳೆ ತಟ್ಟಿಬಿಟ್ರಿ. ತಟ್ಟಿದ ಮೇಲೆ ನಾನು ಹಿಂದೆ ಸರಿಯೋದು ಹೇಗೆ?"

ಇಪ್ಪತ್ತಾರು ಜನಕ್ಕೂ ಒಂದೇ ಲೆಕ್ಕ ಹೊಳೆಯುತ್ತಿತ್ತು. ಯಾರಿಗೂ ಬೇಡವಾದದ್ದನ್ನು ಎಲ್ಲರೂ ಸೇರಿ ಮಾಡಿದ್ದರು. ಮೂರು ಮನೆ, ಒಂದು ಕಾಡು, ಅಜ್ಜಿಯರು ಕೊಟ್ಟ ಬಿಲಗಳು, ಎಲ್ಲವೂ ಒಂದು ಚಪ್ಪಾಳೆಗೆ ಹೋಗಿದ್ದವು.

ಕೆಲೆರಾ ಮೆಲ್ಲಗೆ ಬಾಗಿಲ ಕಡೆ ತಿರುಗಿದಳು. "ತಿತಿಲಿಯಾ, ಪಡುವಣದ್ದು ಕಡಿದಾಗ ನೀನು ಮದುವೆಯಾಗಿ ಬಂದು ಎರಡೇ ವರ್ಷ. ನೆಲ ಕುಸಿಯುತ್ತೆ, ಅಲೆ ಬರುತ್ತೆ ಅಂತ ಆಗ್ಲೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅಕ್ಕ," ಎಂದಳು ತಿತಿಲಿಯಾ. "ಯಾರೂ ಕೇಳ್ಲಿಲ್ಲ."

ಅವತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ತೀರ್ಮಾನವನ್ನು ಒಂದು ವಾರ ಮುಂದೆ ಹಾಕಿದರು. ಆ ವಾರದಲ್ಲಿ ಲೊಸಾನಾ ಮತ್ತು ತಿತಿಲಿಯಾ ಊರ ಹಿಂದಿನ ದಿಬ್ಬ ಹತ್ತಿ, ಹಲಸಿನಂಥ ಕಾಯಿ ಬಿಡುವ ದೀವಿಮರಗಳ ಪಕ್ಕದಲ್ಲಿ ಗಟ್ಟಿ ನೆಲ ನೋಡಿ ಬಂದರು. ಸಂಘದ ಮನೆ ಈಗ ಅಲ್ಲೇ ಏಳುತ್ತಿದೆ. ಅಪೆನಿಸಾ ಅದಕ್ಕೆ ಎರಡು ಕಂಬ ಕೊಟ್ಟಿದ್ದಾನೆ. ಮೂಡಣದಲ್ಲಿ ಕಾಂಡ್ಲಾ ಹಾಗೇ ನಿಂತಿದೆ, ಇಳಿತ ಬಂದಾಗ ಕೆಲೆರಾ ಕೆಸರಿಗೆ ಇಳಿಯುತ್ತಾಳೆ. ಪಡುವಣದಲ್ಲಿ ಸಸಿ ನೆಟ್ಟಿದ್ದಾರೆ. ಅವು ಅಜ್ಜಿಯ ಕಾಲದಷ್ಟು ದಟ್ಟವಾಗುವ ಹೊತ್ತಿಗೆ ಇವರು ಯಾರೂ ಇರುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಊರಲ್ಲಿ ಯಂಗೋನದ ಬಟ್ಟಲು ಇರಲಿಕ್ಕಿಲ್ಲ, ಸಭೆಯಂತೂ ಇದ್ದೇ ಇದೆ. ಸ್ವಸಹಾಯ ಸಂಘ, ಹಾಲಿನ ಡೇರಿ, ಶಾಲೆಯ ಸಮಿತಿ, ಗ್ರಾಮಸಭೆ, ಮನೆಯೊಳಗಿನ ಮದುವೆಯ ಮಾತುಕತೆಯೂ ಸಭೆಯೇ. ಎಲ್ಲರೂ ಸುಮ್ಮನಿದ್ದರೆ ಎಲ್ಲರೂ ಒಪ್ಪಿದರು ಎಂದುಕೊಳ್ಳಬೇಡಿ. ನೀವು ಹಿರಿಯರಾದರೆ ನಿಮ್ಮ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಕೊಂಕು ತೆಗೆಯುವವಳನ್ನು ಹೊರಗಟ್ಟಬೇಡಿ, ಅವಳಿಗೊಂದು ಚಾಪೆ ಹಾಸಿಕೊಡಿ. ದೊಡ್ಡ ಕೆಲಸವಾದರೆ ಇದು ಕೆಟ್ಟರೆ ಯಾವುದರಿಂದ ಕೆಡುತ್ತದೆ ಎಂದು ಮೊದಲೇ ಕೇಳಿ, ಅವತ್ತೇ ಕೈ ಎತ್ತದೆ ಒಂದು ರಾತ್ರಿ ಮಲಗಿ ಎದ್ದು ಬನ್ನಿ.

ಮುಂದಿನ ಸಭೆಯಲ್ಲಿ ಒಮ್ಮೆ ಬಾಗಿಲ ಕಡೆ ನೋಡಿ. ಅಲ್ಲಿ ಕೂತವರನ್ನು ಹೆಸರು ಹಿಡಿದು ಕೇಳಿ. ಅವರು "ನಿಮ್ಮಿಷ್ಟ" ಎಂದರೆ, ಇನ್ನೊಮ್ಮೆ ಕೇಳಿ.